ಕಸುಬು ಮತ್ತು ರಾಜಕೀಯ ಒಲವು

ಒಬ್ಬನ ಕಸುಬನ್ನರಿತರೆ ಅವನ ರಾಜಕೀಯ ಒಲವನ್ನು ಹೇಳಿಬಿಡಬಹುದೆ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದನ್ನು ಪರೀಕ್ಷಿಸಲು ಒಂದು ಅನುಕೂಲವುಂಟು. ಅಲ್ಲಿನ ಹಲವು ರಾಜ್ಯಗಳ ಮತದಾರರ ಪಟ್ಟಿಯಲ್ಲಿ ಮತದಾರನು ತನ್ನದೆಂದು ಹೇಳಿಕೊಂಡ ಪಕ್ಷವೂ ನಮೂದಾಗಿರುತ್ತದೆ. 2016ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಐಟನ್ ಹರ್ಷ್ ಮತ್ತು ಮ್ಯಾಥ್ಯೂ ಗೋಲ್ಡನ್‌ಬರ್ಗ್ ಎಂಬ ಸಂಶೋಧಕರು ಆ ಪಟ್ಟಿಯನ್ನು ವೈದ್ಯರ ಪಟ್ಟಿಯೊಡನೆ ತಾಳೆ ನೋಡಿದರು. ಎರಡು ದೊಡ್ಡ ಪಕ್ಷಗಳಲ್ಲೊಂದಕ್ಕೆ ಸೇರಿದ್ದ ಶಸ್ತ್ರವೈದ್ಯರಲ್ಲಿ ನೂರಕ್ಕೆ ಸುಮಾರು 67 ಮಂದಿ ಸಂಪ್ರದಾಯದತ್ತ ವಾಲುವ ರಿಪಬ್ಲಿಕನರು. ಮನೋವೈದ್ಯರಲ್ಲಿ ಸುಮಾರು 76 ಮಂದಿ ಉದಾರವಾದದತ್ತ ವಾಲುವ ಡೆಮೊಕ್ರಾಟರು. ಕಲಿತದ್ದು ಒಂದೇ ವೈದ್ಯವಿದ್ಯೆ!

ಹಾಗಾದರೆ ಶಸ್ತ್ರಕ್ರಿಯೆಯೇ ಮನುಷ್ಯನನ್ನು ಸಂಪ್ರದಾಯವಾದಿಯನ್ನಾಗಿ ಮಾಡುವುದೆ? ಅವಸರ ಬೇಡ. ವರಮಾನ ಹೆಚ್ಚಿರುವ ಶಾಖೆಗಳಲ್ಲಿ ರಿಪಬ್ಲಿಕನರು ಹೆಚ್ಚು. ಡೆಮೊಕ್ರಾಟರತ್ತ ಹೆಚ್ಚಾಗಿ ಒಲಿಯುವ ಮಹಿಳೆಯರು ಶಸ್ತ್ರವೈದ್ಯರಲ್ಲಿ ಕಡಿಮೆ. ಅಲ್ಲದೆ ಒಲವು ಮೊದಲೋ ವೃತ್ತಿ ಮೊದಲೋ ಎಂಬುದನ್ನು ಒಮ್ಮೆ ಮಾಡಿದ ಎಣಿಕೆ ತಿಳಿಸಲಾರದು.

ಕೊಠಡಿಯ ಉಷ್ಣತೆಯಿಂದ ಗಾಳಿಯ ಅಣುಗಳ ಸರಾಸರಿ ವೇಗವನ್ನು ನಾವು ಲೆಕ್ಕಹಾಕುತ್ತೇವೆ. ಯಾವುದೋ ಒಂದು ಅಣುವಿನ ವೇಗ ಅದರಿಂದ ದೊರೆಯದು. ಎದುರಿಗಿರುವ ಶಸ್ತ್ರವೈದ್ಯನು ರಿಪಬ್ಲಿಕನನೇ ಎಂದು ಪಣ ಕಟ್ಟುವವನು ನೂರರಲ್ಲಿ ಸುಮಾರು 33 ಸಲ ಸೋಲುತ್ತಾನೆ.

ರೋಗಿಗೆ ಇದರಿಂದೇನು? ಅದೇ ಸಂಶೋಧಕರು, ಸಾಮಾನ್ಯ ಚಿಕಿತ್ಸೆ ನೀಡುವ ವೈದ್ಯರ ಮುಂದೆ ಕಲ್ಪಿತ ರೋಗಿಗಳ ವೃತ್ತಾಂತಗಳನ್ನಿಟ್ಟರು. ಮದ್ಯಪಾನ, ಖಿನ್ನತೆ ಮೊದಲಾದವುಗಳಲ್ಲಿ ಉಭಯ ಪಕ್ಷದವರ ಅಭಿಪ್ರಾಯಗಳಲ್ಲಿ ಗಣನೀಯ ಭೇದ ಕಾಣಲಿಲ್ಲ. ಗಾಂಜಾ ಸೇವನೆ, ಗರ್ಭಪಾತ ಇವನ್ನು ರಿಪಬ್ಲಿಕನ್ ವೈದ್ಯರು ಹೆಚ್ಚು ಗಂಭೀರವೆಂದೆಣಿಸಿದರು. ಮಕ್ಕಳಿರುವ ಮನೆಯಲ್ಲಿ ಬಂದೂಕಿರುವುದನ್ನು ಡೆಮೊಕ್ರಾಟರು.