ಶಾಲು, ಹಾರದ ಆಚೆಗೆ: ಸಮಾಜ ಸೇವಕರಿಗೆ ಸಲ್ಲಬೇಕಾದ ಗೌರವ ಯಾವುದು?

ಕೊಪ್ಪಳ: ಊರಿನ ಶಾಲೆಗಾಗಿ ಸ್ವಂತ ಜಮೀನನ್ನೇ ಬಿಟ್ಟುಕೊಟ್ಟ ಮಹಿಳೆಯೊಬ್ಬರು, ಅದೇ ಶಾಲೆಯ ಅಡುಗೆ ಮನೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಾ ದುಡಿದರು. ಕೊಪ್ಪಳ ತಾಲ್ಲೂಕಿನ ಕುಣಿಕೇರಿ ಗ್ರಾಮದ ಹುಚ್ಚಮ್ಮ ಚೌದ್ರಿ ಅವರಿಗೆ 2023ರಲ್ಲಿ ಸಮಾಜಸೇವೆ ವಿಭಾಗದಲ್ಲಿ ರಾಜ್ಯೋತ್ಸವ ಪ್ರಶಸ್ತಿ ಲಭಿಸಿದಾಗ ಜಿಲ್ಲೆಯ ಜನ ಸಂತಸಪಟ್ಟರು. ಆದರೆ ಇಂಥವರು ಇನ್ನೆಷ್ಟು ಮಂದಿ ಇದ್ದಾರೆ, ಅವರನ್ನು ಗುರುತಿಸುವವರು ಯಾರು, ಗುರುತಿಸುವುದೆಂದರೆ ನಿಜವಾಗಿ ಏನು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಎರಡು ಎಕರೆಯ ಬೆಲೆ

ಹುಚ್ಚಮ್ಮ ಅವರು ಶಾಲೆ ಮತ್ತು ಆಟದ ಮೈದಾನಕ್ಕೆಂದು ನೀಡಿದ್ದು ಎರಡು ಎಕರೆ. ಕೊಪ್ಪಳ ನಗರದ ಸುತ್ತ ಕಾರ್ಖಾನೆಗಳು ತಲೆಯೆತ್ತಿದ ಮೇಲೆ ಈ ಭಾಗದ ಭೂಮಿಯ ಬೆಲೆ ಹಲವು ಪಟ್ಟು ಏರಿದೆ. ಮಾರಿದ್ದರೆ ವೃದ್ಧಾಪ್ಯಕ್ಕೆ ಆಸರೆಯಾಗುತ್ತಿದ್ದ ಆಸ್ತಿಯನ್ನು ಕೊಟ್ಟು, ಅವರು ಹೊಟ್ಟೆಪಾಡಿಗೆ ಸೌಟು ಹಿಡಿದರು. ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲಿಗೆ ಆರಂಭವಾದ ಏಳು ಹಿಂದುಳಿದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 68ರಷ್ಟಿದ್ದು, ರಾಜ್ಯದ ಸರಾಸರಿ ಶೇ 75ಕ್ಕಿಂತ ಕಡಿಮೆಯಿತ್ತು. ಇಂಥ ಕಡೆ ಶಾಲೆಗೆ ದೊರೆತ ಜಾಗ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಶಸ್ತಿಯ ದಾರಿ

ರಾಜ್ಯೋತ್ಸವ ಪ್ರಶಸ್ತಿಯು 5 ಲಕ್ಷ ರೂಪಾಯಿ ನಗದು ಮತ್ತು 25 ಗ್ರಾಂ ಚಿನ್ನದ ಪದಕವನ್ನು ಒಳಗೊಂಡಿದೆ. 2023ರಲ್ಲಿ 68 ಸಾಧಕರು ಆಯ್ಕೆಯಾಗಿದ್ದು, ಚಾರ್ಮಾಡಿ ಘಾಟಿಯಲ್ಲಿ ಅಪಘಾತಕ್ಕೀಡಾದವರ ನೆರವಿಗೆ ಧಾವಿಸುವ ಚಾರ್ಮಾಡಿ ಹಸನಬ್ಬ ಅವರೂ ಹುಚ್ಚಮ್ಮ ಅವರೊಂದಿಗೆ ಸಮಾಜಸೇವೆಯ ಪಟ್ಟಿಯಲ್ಲಿದ್ದರು.

ಕೇಂದ್ರದ ಪದ್ಮ ಪ್ರಶಸ್ತಿಗೆ ನಗದು ಇಲ್ಲ. 1954ರಲ್ಲಿ ಆರಂಭವಾದ ಈ ಪ್ರಶಸ್ತಿಗೆ ಈಗ ಯಾವ ನಾಗರಿಕನಾದರೂ ಆನ್‌ಲೈನ್ ಮೂಲಕ ಮತ್ತೊಬ್ಬರ ಹೆಸರನ್ನು ಸೂಚಿಸಬಹುದು. ಸ್ವತಃ ತನ್ನ ಹೆಸರನ್ನೂ ಸೂಚಿಸಿಕೊಳ್ಳಬಹುದು. ಸಾಧನೆಯನ್ನು ಗರಿಷ್ಠ 800 ಪದಗಳಲ್ಲಿ ವಿವರಿಸಬೇಕು. ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲು ಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತದ್ದು, ಈ ದಾರಿ ಹಳ್ಳಿಯವರೆಗೂ ಬರಬಲ್ಲದು ಎಂಬುದಕ್ಕೆ ಸಾಕ್ಷಿ. ಆದರೆ ಅವರಿಗೆ ಆಗ ತೊಂಬತ್ತು ದಾಟಿತ್ತು ಎಂಬುದೂ ಅಷ್ಟೇ ನಿಜ.

ತೊಡಕು ಇರುವುದು ಇಲ್ಲಿಯೇ. ಭಾವಚಿತ್ರ, ಪತ್ರಿಕಾ ತುಣುಕು, ಪ್ರಮಾಣ ಪತ್ರಗಳನ್ನು ಜೋಡಿಸಿ ಅರ್ಜಿ ಹಾಕಬಲ್ಲವರು ಬೇರೆ, ದಿನವಿಡೀ ಸೇವೆಯಲ್ಲಿ ಮುಳುಗಿದವರು ಬೇರೆ. ಸೇವೆಯ ಕಥೆಯನ್ನು ಬರೆದಿಡುವ ಮೂರನೆಯ ವ್ಯಕ್ತಿಯೊಬ್ಬರು ಊರಿನಲ್ಲಿ ಇಲ್ಲದಿದ್ದರೆ, ಎಂಥ ಸೇವೆಯೂ ಊರ ಗಡಿ ದಾಟುವುದಿಲ್ಲ.

ನಾಲ್ಕು ತಾಲ್ಲೂಕು, ಬೇರೆ ಬೇರೆ ಅಗತ್ಯ

ಕನಕಗಿರಿ, ಕಾರಟಗಿ, ಕುಕನೂರು ಪ್ರತ್ಯೇಕ ತಾಲ್ಲೂಕುಗಳಾಗುವ ಮೊದಲು ಜಿಲ್ಲೆಯೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ಇವುಗಳ ನೆಲ ಒಂದೇ ಬಗೆಯದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಭತ್ತದ ಕಣಜವಾದರೆ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಭಾಗದಿಂದ ಜನ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತಾರೆ. ಅಲ್ಲಿ ಸಮಾಜ ಸೇವೆ ಎಂದರೆ ಗುಳೆ ಹೋದವರ ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು, ಬಾಲ್ಯವಿವಾಹ ತಡೆಯುವುದು, ಮಾಜಿ ದೇವದಾಸಿಯರಿಗೆ ಪಿಂಚಣಿ ಕೊಡಿಸಲು ಕಚೇರಿ ಅಲೆಯುವುದು.

ಕೆಲವು ಕಾರ್ಯಗಳಿಗೆ ಒಬ್ಬರ ಹೆಸರು ಸಾಲದು. 2019ರಲ್ಲಿ ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಅವರ ನೇತೃತ್ವದಲ್ಲಿ ಹಿರೇಹಳ್ಳದ ಹೂಳು, ಮುಳ್ಳುಕಂಟಿಗಳನ್ನು ತೆಗೆಯುವ ಕಾರ್ಯ ನಡೆದಾಗ ದಡದ ಹಳ್ಳಿಗಳ ಜನ ಕೈಜೋಡಿಸಿದರು. ಮಠದ ಹೆಸರು ನಾಡಿಗೆ ತಿಳಿಯಿತು. ಹಳ್ಳಕ್ಕಿಳಿದು ಬೆವರು ಸುರಿಸಿದವರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

ಸನ್ಮಾನ ಬಯಸದ ಸೇವೆ

ಅನ್ನ, ಅಕ್ಷರ, ನೀರಿನ ಸೇವೆಯನ್ನು ಎಲ್ಲರೂ ಮೆಚ್ಚುತ್ತಾರೆ. ಊರನ್ನೇ ಪ್ರಶ್ನಿಸುವ ಸೇವೆಗೆ ಮೆಚ್ಚುಗೆ ಸುಲಭವಲ್ಲ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಮಗುವೊಂದು ಗುಡಿಯೊಳಗೆ ಹೋಯಿತೆಂದು ಕುಟುಂಬಕ್ಕೆ ದಂಡ ಕಟ್ಟುವಂತೆ ಹೇಳಿದ ಪ್ರಕರಣ ದೇಶದ ಗಮನ ಸೆಳೆಯಿತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಡೆದ ಜಾತಿ ದೌರ್ಜನ್ಯ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ; ನಂತರ ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಇಷ್ಟು ದೀರ್ಘ ಕಾಲ ನೊಂದವರ ಬೆನ್ನಿಗೆ ನಿಲ್ಲುವುದು, ಸಾಕ್ಷಿಗಳಿಗೆ ಧೈರ್ಯ ತುಂಬುವುದು ಸಹ ಸಮಾಜ ಸೇವೆಯೇ. ಆದರೆ ಇಂಥವರಿಗೆ ಊರಿನ ವೇದಿಕೆಯಲ್ಲಿ ಹಾರ ಬೀಳುವುದು ವಿರಳ.

ಇದೇ ಜಿಲ್ಲೆಯ ಹದಿನಾರರ ಬಾಲಕಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಉಪವಾಸ ಕುಳಿತ ಸಂಗತಿಯನ್ನು 2016ರ ಆಗಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪಿಸಿದ್ದರು. ಅವಳಿಗೆ ಬೇಕಿದ್ದುದು ಪ್ರಶಸ್ತಿಯಲ್ಲ, ಶೌಚಾಲಯ. ಅದು ಕಟ್ಟಿ ಮುಗಿದದ್ದೇ ಅವಳಿಗೆ ಸಂದ ನಿಜವಾದ ಗೌರವ.

‘ಗೌರವಧನ’ ಎಂಬ ಪದ

ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಕೊಡುವುದು ಸಂಬಳವಲ್ಲ, ‘ಗೌರವಧನ’. ಪದದಲ್ಲಿ ಗೌರವವಿದೆ, ಮೊತ್ತದಲ್ಲಿಲ್ಲ ಎಂಬುದು ಅವರ ಬಹುಕಾಲದ ಅಳಲು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಭಾರತದ ಆಶಾ ಕಾರ್ಯಕರ್ತೆಯರನ್ನು ಪ್ರಶಸ್ತಿ ನೀಡಿ ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15 ಸಾವಿರ ರೂಪಾಯಿ ನಿಗದಿಪಡಿಸುವಂತೆ ಆಗ್ರಹಿಸಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತರು. ಪ್ರಶಸ್ತಿ ಹಾಗೂ ಧರಣಿಯ ನಡುವಿನ ಈ ಅಂತರವೇ ಪ್ರಶ್ನೆಯ ತಿರುಳು.

ಹಾಗಾದರೆ ಏನಾಗಬೇಕು?

ಮೊದಲನೆಯದು, ದಾಖಲೆ. ಇದು ಈ ನೆಲಕ್ಕೆ ಹೊಸತೇನಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ ಮಹಾದೇವ ದಂಡನಾಯಕನ ಹೆಸರು ಇಂದಿಗೂ ಉಳಿದಿರುವುದು ಶಾಸನದಿಂದ. ಗ್ರಾಮ ಪಂಚಾಯಿತಿಗಳು ತಮ್ಮ ಊರಿಗೆ ಜಾಗ, ಶ್ರಮ, ರಕ್ತ ಕೊಟ್ಟವರ ವಿವರವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ, ಬರೆದಿಟ್ಟರೆ ಆಯ್ಕೆ ಸಮಿತಿಗಳು ಅರ್ಜಿಗಾಗಿ ಕಾಯಬೇಕಾಗಿಲ್ಲ.

ಎರಡನೆಯದು, ಸಮಯ. ಗೌರವ ಸಲ್ಲಬೇಕಾದುದು ದುಡಿಯುವ ಕೈಗೆ ಬಲವಿರುವಾಗ. ಕೈ ಸೋತ ಮೇಲಲ್ಲ.

ಮೂರನೆಯದು, ಮುಂದುವರಿಕೆ. ಜಾಗ ಕೊಟ್ಟವರಿಗೆ ಶಾಲು ಹೊದಿಸಿ, ಆ ಜಾಗದಲ್ಲಿರುವ ಶಾಲೆಗೆ ಶಿಕ್ಷಕರನ್ನೇ ಕೊಡದಿದ್ದರೆ ಸನ್ಮಾನ ಅಪೂರ್ಣ. ಕುಣಿಕೇರಿಯಲ್ಲಿ ದಾನವಾಗಿ ಬಂದ ಭೂಮಿಯಲ್ಲಿ ಮಕ್ಕಳು ಕೊರತೆಯಿಲ್ಲದೆ ಕಲಿಯುವಂತಾದರೆ, ಅದಕ್ಕಿಂತ ದೊಡ್ಡ ಪ್ರಶಸ್ತಿ ಹುಚ್ಚಮ್ಮ ಅವರಿಗೆ ಮತ್ತೊಂದಿರಲಾರದು.