ಹಿಂದುಮುಂದಾದ ಟ್ರ್ಯಾಕ್ಟರಿನ ವಂಶ

ಫ್ರಾನ್ಸಿನ ಪಶ್ಚಿಮಕ್ಕೆ, ಲೋಯರ್ ನದಿಯ ದಂಡೆಯಲ್ಲಿ ಆನ್ಸೆನಿ ಎಂಬ ಸಣ್ಣ ಊರಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಬ್ರೋ ಕುಟುಂಬ ಕಟ್ಟಡ ಕೆಲಸಕ್ಕೆ ಬೇಕಾದ ಯಂತ್ರಗಳನ್ನು ಮಾಡಿ ಮಾರುತ್ತಿತ್ತು. 1958ರ ಸುಮಾರಿಗೆ ಆ ಮನೆಯ ಮಗ ಮಾರ್ಸೆಲ್ ಬ್ರೋ ಒಂದು ಟ್ರ್ಯಾಕ್ಟರನ್ನೇ ಹಿಂದುಮುಂದು ಮಾಡಿದ. ಆಸನವನ್ನೂ ಸ್ಟಿಯರಿಂಗನ್ನೂ ಹಿಂದಕ್ಕೆ ತಿರುಗಿಸಿ, ದೊಡ್ಡ ಚಕ್ರಗಳ ಮೇಲೆ ಭಾರ ಎತ್ತುವ ಕಂಬ ನಿಲ್ಲಿಸಿದ. ಮನಿಟೂ ಎಂಬ ಹೆಸರು ಹೊತ್ತ ಯಂತ್ರ ಹುಟ್ಟಿದ್ದು ಹೀಗೆ. ಇಂದು ಉಕ್ಕಿನ ಕಾರ್ಖಾನೆ, ಗಣಿ, ಬಂದರುಗಳಲ್ಲಿ ಹತ್ತಾರು ಟನ್ ಎತ್ತುವ ದೈತ್ಯ ಟೆಲಿಹ್ಯಾಂಡ್ಲರ್‌ಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಉದ್ದನೆಯ ಬೂಮ್‌ನಿಂದ, ಅಂದರೆ ಚಾಚುವ ತೋಳಿನಿಂದ, ಕಥೆ ಆರಂಭಿಸುತ್ತಾರೆ. ನನ್ನ ವಾದ ಬೇರೆ. ಈ ಯಂತ್ರದ ಬೇರು ತೋಳಿನಲ್ಲಿಲ್ಲ, ಕೆಸರಿನಲ್ಲಿದೆ. ಅದು ಬೆಳೆದದ್ದು ಹೆಚ್ಚು ತೂಕ ಎತ್ತುವ ಹಟದಿಂದಲ್ಲ, ದೂರವನ್ನು ಲೆಕ್ಕ ಹಾಕಲು ಕಲಿತದ್ದರಿಂದ.

ಬ್ರೋ ಮಾಡಿದ ಬದಲಾವಣೆ ನೋಡಲು ಸರಳ, ಅದರ ಹಿಂದಿನ ತರ್ಕ ಮಾತ್ರ ಗಟ್ಟಿ. ಫೋರ್ಕ್‌ಲಿಫ್ಟ್ ಆಗಲೇ ಗೋದಾಮುಗಳಲ್ಲಿ ಓಡಾಡುತ್ತಿತ್ತು. ಆದರೆ ಅದರ ಪುಟ್ಟ ಚಕ್ರಗಳಿಗೆ ನುಣುಪಾದ ಕಾಂಕ್ರೀಟ್ ನೆಲವೇ ಬೇಕು. ಮಳೆ ಬಿದ್ದ ಸೈಟಿಗೆ ಇಳಿದರೆ ಹೂತುಹೋಗುತ್ತದೆ. ಟ್ರ್ಯಾಕ್ಟರಿಗೆ ಮಣ್ಣಿನ ಗುಣ ಗೊತ್ತು. ಅದರ ದೊಡ್ಡ ಚಾಲನಾ ಚಕ್ರಗಳು ಮುಂದಾಗಿ, ಎತ್ತಿದ ಹೊರೆ ಅವುಗಳ ಮೇಲೇ ಕೂತರೆ, ಹೊರೆ ಹೆಚ್ಚಿದಷ್ಟೂ ನೆಲದ ಹಿಡಿತವೂ ಹೆಚ್ಚುತ್ತದೆ. ಎಂಜಿನ್ ಹಿಂಬದಿಗೆ ಸರಿದು ತಾನಾಗಿಯೇ ಎದುರುಭಾರವಾಗುತ್ತದೆ. ತೊಡಕೆಂದು ತೋರುತ್ತಿದ್ದ ಭಾರವನ್ನೇ ನೆರವಾಗಿಸಿಕೊಂಡದ್ದು ಇಲ್ಲಿಯ ಜಾಣ್ಮೆ.

ಮನಿಟೂ ಎತ್ತುತ್ತಿದ್ದದ್ದು ನೆಟ್ಟಗಿನ ಕಂಬದಲ್ಲಿ, ಚಾಚುವ ಬೂಮ್ ಅದಕ್ಕಿರಲಿಲ್ಲ, ಹಾಗಿದ್ದ ಮೇಲೆ ಅದನ್ನು ಟೆಲಿಹ್ಯಾಂಡ್ಲರಿನ ಮೂಲಪುರುಷ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಅದೇ ಲೋಯರ್-ಅಟ್ಲಾಂಟಿಕ್ ಜಿಲ್ಲೆಯ ಪೋಂಶಾತೋ ಊರಿನ ಸಾಂಬ್ರೋನ್ ಕಂಪನಿ 1957ರಲ್ಲೇ ಟೆಲಿಸ್ಕೋಪಿಕ್ ಬೂಮ್ ಇದ್ದ ಯಂತ್ರ ಮಾಡಿತ್ತೆಂದು ಉದ್ಯಮದ ಚರಿತ್ರೆಗಳು ಹೇಳುತ್ತವೆ. ಹಾಗಾಗಿ ಬೂಮ್‌ನ ಹಿರಿತನ ಸಾಂಬ್ರೋನ್‌ಗೇ ಸಲ್ಲಲಿ. ಆದರೆ ಬೂಮ್ ಕ್ರೇನಿಗೂ ಇತ್ತು. ಟೆಲಿಹ್ಯಾಂಡ್ಲರನ್ನು ಕ್ರೇನಿನಿಂದ ಬೇರೆ ಮಾಡುವುದು ಅದರ ನಡಿಗೆ: ಹೊರೆಯನ್ನು ಫೋರ್ಕಿನ ಮುಳ್ಳುಗಳ ಮೇಲೆ ಹೊತ್ತು, ಏರುತಗ್ಗಿನ ನೆಲದಲ್ಲಿ ಸಾಗಿ, ಬೇಕಾದಲ್ಲಿ ಇಡುವುದು. ಆ ನಡಿಗೆಗೆ ದಾರಿ ತೋರಿದ್ದು ತಿರುಗಿನಿಂತ ಟ್ರ್ಯಾಕ್ಟರೇ. ಬೇಸರದ ಸಂಗತಿಯೆಂದರೆ ಸಾಂಬ್ರೋನ್ ಹೆಸರು ಇಂದು ಮಾರುಕಟ್ಟೆಯಲ್ಲಿಲ್ಲ. ಹಳೆಯ ಕಾರು, ಉಗಿಬಂಡಿಗಳಿಗೆ ಸಿಗುವ ವಸ್ತುಸಂಗ್ರಹಾಲಯದ ಗೌರವ ಕೂಲಿಗಳ ಬೆನ್ನಿನ ಹೊರೆ ಇಳಿಸಿದ ಯಂತ್ರಗಳಿಗೆ ಅಷ್ಟಾಗಿ ಸಿಕ್ಕಿಲ್ಲ. ಬಳಸಿ ಸವೆದವು, ಗುಜರಿಗೆ ಹೋದವು, ಅವುಗಳನ್ನು ರೂಪಿಸಿದವರ ಹೆಸರೂ ಜೊತೆಗೇ ಹೋಯಿತು. ಇದು ಮರೆವಲ್ಲ, ಅನಾದರ.

ಮುಂದಿನ ದಶಕಗಳನ್ನು ಬೇಗ ದಾಟಬಹುದು. 1970ರ ದಶಕದಲ್ಲಿ ಇಂಗ್ಲೆಂಡಿನ ಲೈನರ್ ಕಂಪನಿಯ ಜಿರಾಫ್ ಎಂಬ ಟೆಲಿಹ್ಯಾಂಡ್ಲರ್ ಬಂತು. 1977ರಲ್ಲಿ ಜೆಸಿಬಿ ತನ್ನ ಲೋಡಾಲ್ 520 ಹೊರತಂದಿತು. ಇಟ್ಟಿಗೆ, ಗಾರೆ ಎತ್ತಲು ಕಟ್ಟಡದವರಿಗಾಗಿ ಮಾಡಿದ ಈ ಯಂತ್ರವನ್ನು ರೈತರೂ ಹುಲ್ಲಿನ ಪೆಂಡಿ ಒಟ್ಟಲು ಒಯ್ದರು. 2017ರ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಲೋಡಾಲ್‌ಗಳು ತಯಾರಾಗಿದ್ದವು. 1991ರಲ್ಲಿ ಇಟಲಿಯ ಮೆರ್ಲೊ ಕಂಪನಿ ಮೇಲ್ಭಾಗ ಪೂರ್ತಿ ತಿರುಗುವ ರೋಟೊ ಮಾದರಿಯನ್ನು ತಂದಿತು. 2013ರಲ್ಲಿ ಅದೇ ಇಟಲಿಯಲ್ಲಿ ಹುಟ್ಟಿದ ಮ್ಯಾಗ್ನಿ ಕಂಪನಿಯ ದೊಡ್ಡ ಮಾದರಿಯೊಂದು 50 ಟನ್ ಎತ್ತುತ್ತದೆ.

ಈ ಅಂಕಿಯೇ ಮೋಸದ ಜಾಗ. 50 ಟನ್ ಎಂದರೆ ಬೂಮ್ ಒಳಸರಿದು, ಹೊರೆ ಯಂತ್ರಕ್ಕೆ ತೀರ ಹತ್ತಿರವಿದ್ದಾಗಿನ ಮಾತು. ತುಂಬಿದ ಕೊಡ ಸೊಂಟದ ಮೇಲಿದ್ದರೆ ಹೊತ್ತು ನಡೆಯಬಹುದು, ಅದನ್ನೇ ಕೈ ಚಾಚಿ ಹಿಡಿದರೆ ಎರಡು ಹೆಜ್ಜೆ ಕಷ್ಟ. ಲೆಕ್ಕ ಹಾಕಿ ನೋಡೋಣ. 30 ಟನ್ನಿನ ಯಂತ್ರವೊಂದರ ಗುರುತ್ವಕೇಂದ್ರ ಮುಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದಿದೆ ಎನ್ನಿ. ಅದನ್ನು ನೆಲಕ್ಕೆ ಒತ್ತಿಹಿಡಿಯುವ ತಿರುಗುಬಲ 60 ಟನ್-ಮೀಟರ್. ಆಕ್ಸಲ್‌ನಿಂದ 2 ಮೀಟರ್ ಮುಂದಿರುವ 10 ಟನ್ ಹೊರೆ 20 ಟನ್-ಮೀಟರ್ ಎಳೆಯುತ್ತದೆ, ಯಂತ್ರ ಅಲುಗುವುದಿಲ್ಲ. ಅದೇ ಹೊರೆಯನ್ನು 6 ಮೀಟರಿಗೆ ಚಾಚಿದರೆ ಎರಡೂ ಸಮವಾಗಿ ಯಂತ್ರ ಮಗುಚುವ ಅಂಚಿಗೆ ಬರುತ್ತದೆ. ತೂಕ ಒಂದು ಕಿಲೋ ಕೂಡ ಹೆಚ್ಚಿಲ್ಲ, ಹೆಚ್ಚಿದ್ದು ದೂರ. ಹೊರೆ ಮೇಲೇರಿದಂತೆ, ನೆಲ ಓರೆಯಾದಂತೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಹಾಗಾಗಿ ದೈತ್ಯ ಟೆಲಿಹ್ಯಾಂಡ್ಲರಿಗೆ ಗಟ್ಟಿ ಉಕ್ಕು, ಬಲವಾದ ಹೈಡ್ರಾಲಿಕ್ಸ್ ಎಷ್ಟು ಮುಖ್ಯವೋ ಅಳತೆಯೂ ಅಷ್ಟೇ ಮುಖ್ಯ. ಯಾವ ದೂರಕ್ಕೆ, ಯಾವ ಎತ್ತರಕ್ಕೆ ಎಷ್ಟು ಟನ್ ಎಂದು ತೋರಿಸುವ ಲೋಡ್ ಚಾರ್ಟ್ ಮೊದಲು ಬಂತು. ಯಂತ್ರ ಮುಂದಕ್ಕೆ ಮಗುಚುವ ಹಂತಕ್ಕೆ ಬಂದಾಗ ಅಪಾಯಕಾರಿ ಚಲನೆಯನ್ನೇ ತಡೆಯುವ ವ್ಯವಸ್ಥೆಗೆ 2008ರ ಇಎನ್ 15000 ಎಂಬ ಯುರೋಪಿನ ಮಾನದಂಡ ರೂಪ ಕೊಟ್ಟಿತು. ಸೆನ್ಸರ್‌ಗಳು ಬಂದು ಆಪರೇಟರನ ಅಂದಾಜಿನ ಕಸುಬು ಹಾಳಾಯಿತು ಎನ್ನುವವರಿದ್ದಾರೆ. ಅನುಭವಿಯ ಕಣ್ಣಳತೆ ದೊಡ್ಡದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಣ್ಣು ಹೊರೆಯ ಗಾತ್ರ ನೋಡೀತು, ಹಿಂದಿನ ಆಕ್ಸಲ್ ಮೇಲಿನ ಒತ್ತಡ ಕುಗ್ಗುತ್ತಿರುವುದನ್ನು ನೋಡಲಾರದು. ಈ ಮಾನದಂಡದ ಸೆನ್ಸರ್ ಗಮನಿಸುವುದು ಮುಂದಕ್ಕೆ ಬೀಳುವ ಅಪಾಯವನ್ನು. ಪಕ್ಕಕ್ಕೆ ಉರುಳುವ ಅಪಾಯವನ್ನು ಗ್ರಹಿಸಲು, ನೆಲದ ಗಟ್ಟಿತನ ಅಳೆಯಲು ಇಂದಿಗೂ ಮನುಷ್ಯನೇ ಬೇಕು. ಎರಡೂ ಕೂಡಿದಾಗಲೇ ಕೆಲಸ ಸುರಕ್ಷಿತ.

ಇಷ್ಟು ಭಾರಕ್ಕೆ ಕ್ರೇನ್ ಸಾಲದೇ ಎಂಬ ಪ್ರಶ್ನೆಗೆ ಗಣಿಗಳೇ ಉತ್ತರ ಕೊಡುತ್ತವೆ. ದೈತ್ಯ ಡಂಪರುಗಳ ದೊಡ್ಡ ಟೈರು ಸುಮಾರು 4 ಮೀಟರ್ ಎತ್ತರ, 5 ಟನ್ನಿಗೂ ಹೆಚ್ಚು ತೂಕ. ಅದನ್ನು ಕ್ರೇನಿಗೆ ತೂಗುಹಾಕಿದರೆ ತೊನೆಯುತ್ತದೆ. ಬೋಲ್ಟಿನ ರಂಧ್ರಕ್ಕೆ ಹೊಂದಿಸಲು ಜನ ಅದರ ಬುಡದಲ್ಲೇ ನಿಲ್ಲಬೇಕಾಗುತ್ತದೆ. ಟೆಲಿಹ್ಯಾಂಡ್ಲರಿನ ಇಕ್ಕಳ ಟೈರನ್ನು ಅಪ್ಪಿ ಹಿಡಿದು, ತಿರುಗಿಸಿ, ರಂಧ್ರದ ನೇರಕ್ಕೆ ತಂದುಕೊಡುತ್ತದೆ, ಜನ ದೂರದಲ್ಲೇ ಉಳಿಯಬಹುದು. ಎತ್ತರದ ಗೋಪುರಕ್ಕೆ ಕ್ರೇನ್ ಬೇಕೇಬೇಕು. ಹೊತ್ತು ನಡೆದು ಕರಾರುವಾಕ್ಕಾಗಿ ಕೂರಿಸುವ ಕೆಲಸಕ್ಕೆ ಈ ಯಂತ್ರವೇ ಸರಿ.

ನಮ್ಮ ಕಾರ್ಖಾನೆ, ಗಣಿಗಳಿಗೆ ಇಂಥ ಯಂತ್ರ ತರಿಸುವವರಲ್ಲಿ ಒಂದು ಕೋರಿಕೆ. ಯಂತ್ರದ ಮೈಮೇಲೆ ಬರೆದ ಟನ್ನಿನ ಅಂಕಿ ನೋಡಿ ಮಾರುಹೋಗಬೇಡಿ. ಎಷ್ಟು ದೂರಕ್ಕೆ ಎಂಬುದನ್ನು ಮೊದಲು ಕೇಳಿ. ಲೋಡ್ ಚಾರ್ಟನ್ನು ಆಪರೇಟರ್ ಓದಬಲ್ಲ ಭಾಷೆಯಲ್ಲಿ, ಅವನ ಕಣ್ಣೆದುರಿಗೆ ಅಂಟಿಸಿ. ಆ ಚಾರ್ಟ್ ನೋಡಿ ಅವನು ‘ಈ ಹೊರೆ ಆಗದು’ ಎಂದರೆ, ಆ ಮಾತೇ ಸೈಟಿನಲ್ಲಿ ಕೊನೆಯ ಮಾತಾಗಬೇಕು.