ಶಾಸನಶಿಲೆಗಳ ಮೇಲಣ ತುಕ್ಕು ಮತ್ತು ಕೆಮ್ಮಣ್ಣಿನ ಕಲೆಗಳು: ನಿವಾರಣೆಯ ಕ್ರಮ

ಶಾಸನಗಳನ್ನು ಓದಲು ಹೊರಡುವ ವಿದ್ಯಾರ್ಥಿಗೆ ಲಿಪಿಯ ಪರಿಚಯವು ಎಷ್ಟು ಅವಶ್ಯಕವೋ ಆ ಲಿಪಿಯನ್ನು ಹೊತ್ತು ನಿಂತ ಕಲ್ಲಿನ ಪರಿಚಯವೂ ಅಷ್ಟೇ ಅವಶ್ಯಕವಾದುದು. ನಮ್ಮ ನಾಡಿನ ಎಷ್ಟೋ ಶಾಸನಶಿಲೆಗಳೂ ವೀರಗಲ್ಲುಗಳೂ ಇಂದಿಗೂ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ದೇಗುಲದ ಅಂಗಳದಲ್ಲಿ ಬಯಲಿಗೆ ಮೈಯೊಡ್ಡಿ ನಿಂತಿವೆ. ಮಳೆಗಾಲದಲ್ಲಿ ಸಿಡಿಯುವ ಕೆಮ್ಮಣ್ಣು ಅವುಗಳ ಬುಡದ ಸಾಲುಗಳನ್ನು ಮುಚ್ಚುತ್ತದೆ. ಬಡಿದ ಮೊಳೆ, ಬಿಗಿದ ತಂತಿ, ಒರಗಿಸಿದ ಕಬ್ಬಿಣದ ಬಾಗಿಲು ಇವುಗಳಿಂದ ಇಳಿದ ನೀರು ಅಕ್ಷರಗಳ ಮೇಲೆ ಕಂದುಬಣ್ಣದ ಪಟ್ಟೆಗಳನ್ನೆಳೆಯುತ್ತದೆ. ಮೇಲ್ಮೈಯ ಈ ಕಲೆಗಳಿಂದ ಶಾಸನಕ್ಕೆ ಒದಗುವ ಹಾನಿ ಅಲ್ಪವಾದುದು. ತಂತಿಯ ಬ್ರಷ್ಷು, ಉಳಿ, ಆಮ್ಲಗಳಿಂದ ಅವನ್ನು ತೆಗೆಯಹೋಗಿ ನಾವು ಉಂಟುಮಾಡುವ ಹಾನಿಯೇ ದೊಡ್ಡದು.

ಪಾಠವು ಹೇಗೂ ಅಚ್ಚಾಗಿದೆಯಲ್ಲ, ಕಲ್ಲು ಸವೆದರೇನು ಎಂದು ಕೆಲವರು ಕೇಳಬಹುದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವು ಹೊರಬಂದುದು 1886ರಲ್ಲಿ. ಆ ಮಹತ್ಕಾರ್ಯವು ಮುಗಿದ ಮೇಲೂ ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಅದರ ಪರಿಷ್ಕೃತ ಸಂಪುಟಗಳನ್ನು ಹೊರತರಬೇಕಾಯಿತು. ಅಚ್ಚಾದ ಪಾಠವು ಕೊನೆಯ ಮಾತಲ್ಲ. ಸಂದೇಹ ಬಂದಾಗ ಕಲ್ಲಿನ ಬಳಿಗೇ ಮರಳಬೇಕು. ಅಕ್ಷರದ ಪಕ್ಕದಲ್ಲಿ ಆಮ್ಲವು ಕೊರೆದ ಸಣ್ಣ ಕುಳಿಯು ಮುಂದಿನ ಓದುಗನಿಗೆ ಅನುಸ್ವಾರದ ಬಿಂದುವಾಗಿ ತೋರಬಹುದು. ಬ್ರಷ್ಷು ಗೀರಿದ ಗೆರೆಯು ಶಕವರ್ಷದ ಅಂಕಿಯನ್ನೇ ಕೆಡಿಸಬಹುದು.

ಈ ಎರಡು ಕಲೆಗಳೂ ನೋಟಕ್ಕೆ ಒಂದೇ ಬಣ್ಣದವಾದರೂ ಸ್ವಭಾವದಲ್ಲಿ ಬೇರೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದಲೇ ಬಂದುದು. ಆದರೆ ಅಲ್ಲಿ ಅದು ಜೇಡಿಯ ಸೂಕ್ಷ್ಮಕಣಗಳಿಗೆ ಅಂಟಿಕೊಂಡಿರುವುದರಿಂದ ಕಣಗಳು ಹೋದರೆ ಬಣ್ಣವೂ ಬಹುಮಟ್ಟಿಗೆ ಹೋಗುತ್ತದೆ. ತುಕ್ಕಿನ ಕಲೆಯಾದರೋ ಕಬ್ಬಿಣವು ನೀರಿನೊಡನೆ ಕಲ್ಲಿನ ರಂಧ್ರಗಳನ್ನು ಹೊಕ್ಕು, ಗಾಳಿಯ ಆಮ್ಲಜನಕದೊಡನೆ ಸೇರಿ, ನೀರಿನಲ್ಲಿ ಕರಗದ ರೂಪವನ್ನು ತಾಳಿದುದು. ಆದುದರಿಂದ ಮೊದಲನೆಯದಕ್ಕೆ ನೀರೂ ತಾಳ್ಮೆಯೂ ಸಾಕು. ಎರಡನೆಯದಕ್ಕೆ ಕಬ್ಬಿಣವನ್ನು ಕರಗಿಸಿ ಹೊರಗೆಳೆಯುವ ದ್ರವ್ಯವು ಬೇಕು.

ಕೆಮ್ಮಣ್ಣನ್ನು ಹಸಿಯಾಗಿರುವಾಗ ಉಜ್ಜಬಾರದು. ಉಜ್ಜಿದರೆ ಕಣಗಳು ರಂಧ್ರಗಳೊಳಗೆ ಇನ್ನಷ್ಟು ಇಳಿಯುತ್ತವೆ. ಪೂರ್ತಿಯಾಗಿ ಒಣಗಿದ ಮೇಲೆ ಮೃದುವಾದ ಕುಂಚದಿಂದ ಉದುರಿಸಿ, ಗಟ್ಟಿಯಾಗಿ ಕುಳಿತುದನ್ನು ಬಿದಿರಿನ ಕಡ್ಡಿಯಿಂದ ಮೆಲ್ಲನೆ ಬಿಡಿಸಬೇಕು. ಬಳಿಕ ಕಲ್ಲನ್ನು ಶುದ್ಧವಾದ ನೀರಿನಿಂದ ತೋಯಿಸಿ, ಸ್ಪಂಜಿನಿಂದ ಒತ್ತಿ ಕೆಸರನ್ನು ಹೀರಿಸಿ, ನೀರನ್ನು ಮತ್ತೆ ಮತ್ತೆ ಬದಲಿಸಬೇಕು. ಹೊಯ್ಸಳ ಶಿಲ್ಪಕ್ಕೆ ಬಳಸಿದ ಬಳಪದ ಕಲ್ಲಿನ ಜಾತಿಯ ಮೃದುಶಿಲೆಗಳಲ್ಲಿ ವಿಶೇಷವಾದ ಎಚ್ಚರಿಕೆಯು ಅಗತ್ಯ. ಕಲ್ಲು ಪದರುಪದರಾಗಿ ಏಳುತ್ತಿದ್ದರೆ, ಬೆರಳಿನಿಂದ ತಟ್ಟಿದಾಗ ಪೊಳ್ಳುಸದ್ದು ಬರುತ್ತಿದ್ದರೆ, ನೀರನ್ನೂ ಸೋಕಿಸದೆ ಬಿಡುವುದೇ ಕ್ಷೇಮ.

ತುಕ್ಕಿನ ವಿಷಯದಲ್ಲಿ ಮೊದಲ ಕರ್ತವ್ಯವೆಂದರೆ ಅದರ ಮೂಲವನ್ನು ಹುಡುಕುವುದು. ಮೊಳೆಯೂ ತಂತಿಯೂ ಅಲ್ಲಿಯೇ ಇದ್ದರೆ ಕಲೆಯು ಮರುವರ್ಷವೇ ಮರಳುವುದು. ಕಬ್ಬಿಣವು ಕಲ್ಲಿನ ಒಳಗೇ ಹುದುಗಿದ್ದಲ್ಲಿ ಅಪಾಯವು ಬಣ್ಣದ ಮಟ್ಟಿಗೆ ನಿಲ್ಲುವುದಿಲ್ಲ. ತುಕ್ಕು ಹಿಡಿದ ಕಬ್ಬಿಣವು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಇದಕ್ಕೆ ಅಥೆನ್ಸಿನ ಪಾರ್ಥೆನಾನ್ ಪ್ರಸಿದ್ಧವಾದ ನಿದರ್ಶನ. ಪ್ರಾಚೀನ ಗ್ರೀಕರು ಕಬ್ಬಿಣದ ಕೊಂಡಿಗಳಿಗೆ ಸೀಸವನ್ನು ಹೊಯ್ದು ಕಾಪಾಡಿದ್ದರು. 20ನೆಯ ಶತಮಾನದ ಮೊದಲ ದಶಕಗಳ ಜೀರ್ಣೋದ್ಧಾರದಲ್ಲಿ ಸೇರಿಸಿದ ಕಬ್ಬಿಣಕ್ಕೆ ಆ ರಕ್ಷಣೆಯಿಲ್ಲದೆ ಅಮೃತಶಿಲೆಯು ಬಿರುಕುಬಿಟ್ಟಿತು. 1975ರಲ್ಲಿ ರಚಿತವಾದ ಸಮಿತಿಯ ಮೇಲ್ವಿಚಾರಣೆಯಲ್ಲಿ ಆ ಕಬ್ಬಿಣವನ್ನು ತೆಗೆದು ಟೈಟೇನಿಯಮ್ಮನ್ನು ಹಾಕಬೇಕಾಯಿತು.

ಮೂಲವನ್ನು ತೆಗೆದ ಮೇಲೆ ಉಳಿಯುವ ಕಲೆಗೆ ಜನರು ಸಾಮಾನ್ಯವಾಗಿ ಬಳಸುವುದು ಅಂಗಡಿಯಲ್ಲಿ ದೊರೆಯುವ ಹೈಡ್ರೋಕ್ಲೋರಿಕ್ ಆಮ್ಲ. ಇದು ತುಕ್ಕನ್ನು ಕರಗಿಸುವುದು ನಿಜ. ಆದರೆ ಕರಗಿದ ಕಬ್ಬಿಣವು ಕಲ್ಲಿನ ಆಳಕ್ಕಿಳಿದು ಕೆಲವು ದಿನಗಳಲ್ಲಿ ಹಳದಿಯ ಕಲೆಯಾಗಿ ಹೊರಬರುತ್ತದೆ. ಸುಣ್ಣದ ಗಾರೆಯೂ ಅಮೃತಶಿಲೆಯೂ ಆಮ್ಲದಲ್ಲಿ ಕರಗುತ್ತವೆ. ಒಳಗುಳಿದ ಲವಣಗಳು ಹರಳುಗಟ್ಟಿ ಮೇಲ್ಮೈಯನ್ನು ಉದುರಿಸುತ್ತವೆ. ಗ್ರಾನೈಟ್ ಕೂಡ ಇದಕ್ಕೆ ಹೊರತಲ್ಲ. ಅದರಲ್ಲಿರುವ ಕರಿಯ ಅಭ್ರಕದ ಕಬ್ಬಿಣವನ್ನು ಆಮ್ಲವು ಹೊರಗೆಳೆದು ಹೊಸ ಕಲೆಯನ್ನೇ ಹುಟ್ಟಿಸಬಲ್ಲುದು. ಬ್ಲೀಚಿಂಗ್ ಪುಡಿಯಿಂದ ತುಕ್ಕು ಹೋಗುವುದಿಲ್ಲ. ಅದನ್ನು ಆಮ್ಲದೊಡನೆ ಬೆರೆಸಿದರೆ ಪ್ರಾಣಾಪಾಯಕರವಾದ ಕ್ಲೋರಿನ್ ಅನಿಲವು ಹೊಮ್ಮುವುದು. ಉಕ್ಕಿನ ತಂತಿಯ ಬ್ರಷ್ಷು ಕಲ್ಲನ್ನು ಗೀರುವುದಲ್ಲದೆ ತನ್ನ ಚೂರುಗಳನ್ನು ಅಲ್ಲಿಯೇ ಉಳಿಸಿ ಹೊಸ ತುಕ್ಕಿಗೆ ಬೀಜವನ್ನು ಬಿತ್ತುತ್ತದೆ.

ಇವುಗಳಿಗಿಂತ ಸೌಮ್ಯವಾದುದು ಪಟ್ಟು ಹಾಕುವ ಕ್ರಮ. ಸೋಡಿಯಮ್ ಸಿಟ್ರೇಟ್ 1 ಭಾಗವನ್ನು ಉಗುರುಬೆಚ್ಚಗಿನ 6 ಭಾಗ ನೀರಿನಲ್ಲಿ ಕರಗಿಸಿ, 7 ಭಾಗ ಗ್ಲಿಸರಿನ್ನನ್ನು ಸೇರಿಸಿ, ಶುದ್ಧವಾದ ಬಿಳಿಯ ಜೇಡಿಯೊಡನೆ ಕಲಸಿ ಗಟ್ಟಿಯಾದ ಲೇಪವನ್ನು ಮಾಡಬೇಕು. ಮೊದಲು ಕಲ್ಲನ್ನು ನೀರಿನಿಂದ ತೋಯಿಸಿ, ಕಲೆಯ ಮೇಲೆ ಲೇಪವನ್ನು ದಪ್ಪವಾಗಿ ಹಚ್ಚಬೇಕು. ಸಿಟ್ರೇಟ್ ಕಬ್ಬಿಣವನ್ನು ಹಿಡಿದುಕೊಂಡು ಕರಗಿಸುತ್ತದೆ. ಜೇಡಿಯು ಒಣಗುತ್ತ ಅದನ್ನು ತನ್ನೊಳಗೆ ಹೀರುತ್ತದೆ. ಒಣಗಿದ ಲೇಪವನ್ನು ಮರದ ಚಕ್ಕೆಯಿಂದ ತೆಗೆದು, ಕಲ್ಲನ್ನು ಹೇರಳವಾದ ನೀರಿನಿಂದ ತೊಳೆಯಬೇಕು. ಒಂದೇ ಸಲಕ್ಕೆ ಫಲವು ಕಾಣದಿದ್ದರೆ ದ್ರಾವಣವನ್ನು ತೀಕ್ಷ್ಣಗೊಳಿಸದೆ ಪಟ್ಟನ್ನು ಪುನಃ ಹಾಕುವುದೇ ಸರಿ. ಸಿಟ್ರೇಟ್ ಸುಣ್ಣದ ಅಂಶವನ್ನೂ ತುಸು ಎಳೆಯುವುದರಿಂದ ಅಮೃತಶಿಲೆ, ಗಾರೆಗಳ ಮೇಲೆ ಅದನ್ನು ಬಹಳ ಹೊತ್ತು ಬಿಡಬಾರದು. ಯಾವ ಪ್ರಯೋಗವನ್ನಾದರೂ ಮೊದಲು ಅಕ್ಷರವಿಲ್ಲದ ಮೂಲೆಯಲ್ಲಿ ಅಂಗೈಯಗಲದಷ್ಟು ಮಾಡಿ, ಕಲ್ಲು ಪೂರ್ತಿಯಾಗಿ ಆರಿದ ಮೇಲೆಯೇ ಫಲವನ್ನು ನಿರ್ಣಯಿಸಬೇಕು. ಒದ್ದೆಯ ಕಲ್ಲು ಕಲೆಯನ್ನು ಮರೆಸುತ್ತದೆ.

ಮನೆಯ ಅಂಗಳದ ಚಪ್ಪಡಿಗೂ ಇಟ್ಟಿಗೆಯ ಗೋಡೆಗೂ ಇದೇ ತತ್ತ್ವವು ಅನ್ವಯಿಸುತ್ತದೆ. ಅಲ್ಲಿ ಕೆಲವರು ಬಳಸುವ ಆಕ್ಸಾಲಿಕ್ ಆಮ್ಲವು ತುಕ್ಕಿಗೆ ಪರಿಣಾಮಕಾರಿಯಾದರೂ ವಿಷವಾದುದರಿಂದ, ಕೈಗವಸು, ಕಣ್ಣಿನ ರಕ್ಷಣೆಗಳಿಲ್ಲದೆ ಅದನ್ನು ಮುಟ್ಟಬಾರದು. ಶಾಸನದ ಮೇಲಂತೂ ಅದು ಸಲ್ಲದು.

ಸಂರಕ್ಷಿತ ಸ್ಮಾರಕಗಳು 1958ರ ಕೇಂದ್ರ ಅಧಿನಿಯಮಕ್ಕೋ ಕರ್ನಾಟಕದ 1961ರ ಅಧಿನಿಯಮಕ್ಕೋ ಒಳಪಟ್ಟಿರುತ್ತವೆ. ಸಂಬಂಧಪಟ್ಟ ಇಲಾಖೆಯ ಅನುಮತಿಯಿಲ್ಲದೆ ಅವುಗಳ ಮೇಲೆ ಕೈಯಿಡುವಂತಿಲ್ಲ. ಉಳಿದ ಕಲ್ಲುಗಳಲ್ಲಿಯೂ ಮೊದಲು ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಮುಂಜಾನೆಯ ಓರೆಬಿಸಿಲಿನಲ್ಲಿ, ಇಲ್ಲವೆ ರಾತ್ರಿ ಪಕ್ಕದಿಂದ ಹಿಡಿದ ದೀಪದ ಬೆಳಕಿನಲ್ಲಿ, ಅಕ್ಷರದ ಅಂಚುಗಳು ನೆರಳಿನಿಂದಲೇ ಎದ್ದು ಕಾಣುವುವು. ಕಲೆಯು ಆಗ ಓದಿಗೆ ಅಡ್ಡಿಯಾಗದು. ಹಾಗೆ ಓದಲು ಬರುವ ಶಾಸನವನ್ನು ನಾವು ತೊಳೆಯಬೇಕಾಗಿಯೇ ಇಲ್ಲ. ಕಲೆಯನ್ನು ಮುಂದೆಂದಾದರೂ ತೆಗೆಯಬಹುದು. ಅಳಿದ ಅಕ್ಷರವನ್ನು ಮರಳಿ ತರುವ ವಿದ್ಯೆಯು ಯಾರಲ್ಲಿಯೂ ಇಲ್ಲ.